ಗ್ಯಾಂಗಿನವರ ಬೀಳ್ಕೊಡುಗೆಗೆ ಸೇವಂತಿಗೆ: ಆಷಾಢದಲ್ಲಿ ನೆಟ್ಟು ಪುಷ್ಯದಲ್ಲಿ ಕಟ್ಟುವ ಹಾರ

ಡಿಸೆಂಬರ್ ಕೊನೆಗೆ ನಿವೃತ್ತರಾಗುವ ರಸ್ತೆ ಕೆಲಸದ ಗ್ಯಾಂಗ್‌ಮನ್ನಿಗೆ ಹಾರ ಹಾಕಬೇಕೆಂದರೆ ಕೆಲಸ ಜೂನ್ ಕೊನೆಗೇ ಶುರುವಾಗಬೇಕು. ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿ ದುಡ್ಡು ಕೊಟ್ಟರೆ ಹಾರಕ್ಕೆ ಬರವಿಲ್ಲ, ನಿಜ. ಆದರೆ ಸತ್ಯಮಂಗಲದ ಮಾರುಕಟ್ಟೆಯಿಂದ ತಂದ ಹಾರ ದಿಂಬಂ ಘಾಟಿಯ 27 ತಿರುವು ಹತ್ತುವಷ್ಟರಲ್ಲಿ ಕುಲುಕಿ ಅರ್ಧ ದಳ ಉದುರಿಸಿಕೊಂಡಿರುತ್ತದೆ. ವರ್ಷಗಟ್ಟಲೆ ಬಿಸಿ ಡಾಂಬರಿನ ಮುಂದೆ ನಿಂತವರ ಕೊರಳಿಗೆ ಜೊತೆಗಾರರು ಬೆಳೆದ ಹೂವೇ ಬೀಳಬೇಕು. ಅದಕ್ಕೆ ಬೇಕಾದದ್ದು ಹದಿನೈದು ಚೀಲ ಸೇವಂತಿಗೆ ಗಿಡ, ಗ್ಯಾಂಗ್ ಶೆಡ್ಡಿನ ಪಕ್ಕ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಒಂದಿಷ್ಟು ಜಾಗ.

ಮೊದಲು ತಾರೀಖು ಗಟ್ಟಿ ಮಾಡಿಕೊಳ್ಳಿ. ತಮಿಳುನಾಡು ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2021ರಿಂದ 60. ಬಿಡುಗಡೆ ತಿಂಗಳ ಕೊನೆಯ ದಿನ. ಬಾಯಿಮಾತಿನ ಹುಟ್ಟಿದ ದಿನ ನಂಬಬೇಡಿ, ಸರ್ವಿಸ್ ರಿಜಿಸ್ಟರಿನಲ್ಲಿ ಬರೆದಿರುವುದೇ ಲೆಕ್ಕ. ಡಿಸೆಂಬರ್ 31ಕ್ಕಾದರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ನೆಡಿ, ಜನವರಿ ಕೊನೆಗಾದರೆ ಆಗಸ್ಟ್ ಮೊದಲ ವಾರ. ತಾರೀಖು ತಡವಾಗಿ ಗೊತ್ತಾಯಿತೇ? ಚೆಂಡು ಹೂವಿಗೆ ಹೋಗಿ. ಬೀಜ ಹಾಕಿದ ಎಂಬತ್ತೈದು, ತೊಂಬತ್ತು ದಿನಕ್ಕೆ ಹೂ ತುಂಬಿರುತ್ತದೆ. ಡಿಸೆಂಬರ್ ಕೊನೆಗೆ ಬೇಕಾದರೆ ಅಕ್ಟೋಬರ್ ಮೊದಲ ವಾರ ಬಿತ್ತಿ, 25ರಿಂದ 30 ದಿನದ ಸಸಿ ಕಿತ್ತು ನೆಡಿ.

ಚೀಲ ಮತ್ತು ಮಣ್ಣಿನಲ್ಲೇ ನಮ್ಮವರು ಹೆಚ್ಚು ಎಡವುವುದು, ಯಾಕೆಂದರೆ ಕೈಗೆ ಸಿಕ್ಕುವ ಸಾಮಾನೆಲ್ಲ ರಸ್ತೆ ಕೆಲಸದ್ದು. ಕತ್ತರಿಸಿದ ಡಾಂಬರ್ ಡ್ರಮ್ಮಿನಲ್ಲಿ ನೆಡಬೇಡಿ. ತಗಡು ಬಿಸಿಲಿಗೆ ಕಾದು ಬೇರು ಬೇಯಿಸುತ್ತದೆ, ಗೋಡೆಗೆ ಅಂಟಿದ ಡಾಂಬರು ಇಳಿದು ಮಣ್ಣಿಗೆ ಸೇರುತ್ತದೆ. ಸಿಮೆಂಟ್ ಚೀಲ ಆಗುತ್ತದೆ, ಆದರೆ ಒಳಗನ್ನು ಹೊರಗೆ ಮಾಡಿ ಮೂರು ಸಲ ತೊಳೆಯಬೇಕು. ಉಳಿದ ಸಿಮೆಂಟ್ ಪುಡಿ ಮಣ್ಣನ್ನು ಸುಣ್ಣದಂತೆ ಮಾಡುತ್ತದೆ. ಆಗ ಗಿಡಕ್ಕೆ ಕಬ್ಬಿಣದ ಅಂಶ ಹೀರಲಾಗದೆ ನರ ಮಾತ್ರ ಹಸಿರಾಗಿ ಉಳಿದು ಎಳೆ ಎಲೆ ಹಳದಿಗೆ ತಿರುಗುತ್ತದೆ. ಚೀಲವನ್ನು ಒಂದಡಿ ಎತ್ತರಕ್ಕೆ ಮಡಚಿ, ತಳದಲ್ಲಿ ಎಂಟು ತೂತು ಮಾಡಿ, ಎರಡು ಬೆರಳು ದಪ್ಪಕ್ಕೆ 20 ಎಂಎಂ ಜಲ್ಲಿ ಹಾಸಿ. ಅದರ ಮೇಲೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಳೆತ ತಿಪ್ಪೆ ಗೊಬ್ಬರ, ಒಂದು ಪಾಲು ಮರಳು, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಚರಂಡಿ ಹೂಳು ಕಪ್ಪಗೆ ಫಲವತ್ತಾಗಿ ಕಂಡರೂ ಮುಟ್ಟಬೇಡಿ. ಅದರಲ್ಲಿ ಗಾಡಿಗಳ ಆಯಿಲ್ ಇರುತ್ತದೆ, ಪಾರ್ಥೇನಿಯಂ ಬೀಜವೂ ಇರುತ್ತದೆ.

ಹಳೆ ಗಿಡದ ಬುಡದಲ್ಲಿ ಎದ್ದ, ಬೇರು ಬಿಟ್ಟ ಮರಿಗಳನ್ನು ಚೀಲಕ್ಕೊಂದರಂತೆ ನೆಡಿ. ಮರಿ ಸಿಗದಿದ್ದರೆ ಕುಡಿಯಿಂದ ಮೂರು ಬೆರಳಗಲದಷ್ಟು ಉದ್ದ ಕತ್ತರಿಸಿ ಒದ್ದೆ ಮರಳಲ್ಲಿ ಊರಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ, ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ನೆಟ್ಟ ನಾಲ್ಕು ವಾರಕ್ಕೆ ಕುಡಿ ಚಿವುಟಿ. ಪಕ್ಕದ ರೆಂಬೆ ಹೊರಟ ಮೇಲೆ, ಮತ್ತೆ ಮೂರು ನಾಲ್ಕು ವಾರ ಬಿಟ್ಟು, ಇನ್ನೊಂದು ಸಲ. ಡಿಸೆಂಬರ್ ಹೂವಿಗೆ ನೆಟ್ಟ ಗಿಡವನ್ನು ಸೆಪ್ಟೆಂಬರ್ ಮಧ್ಯದ ನಂತರ ಚಿವುಟಿದರೆ ಮೊಗ್ಗೇ ಹೋಗುತ್ತದೆ, ಹೂ ಸಮಾರಂಭ ಮುಗಿದ ಮೇಲೆ ಅರಳುತ್ತದೆ.

ಬೀದಿ ದೀಪದ ವಿಷಯವನ್ನು ಯಾರೂ ಹೇಳುವುದಿಲ್ಲ. ಸೇವಂತಿಗೆ ಮೊಗ್ಗು ಕಟ್ಟಲು ಉದ್ದನೆಯ, ಮುರಿಯದ ಕತ್ತಲು ಬೇಕು. ವ್ಯಾಪಾರಕ್ಕೆ ಬೆಳೆಯುವವರು ಹೂ ಮುಂದೂಡಲೆಂದೇ ರಾತ್ರಿ ಬಲ್ಬು ಹಾಕುತ್ತಾರೆ. ಶೆಡ್ಡಿನ ಮುಂದಿನ ಕಂಬದ ದೀಪವೂ ಅದೇ ಕೆಲಸ ಮಾಡುತ್ತದೆ: ಗಿಡ ಸೊಂಪಾಗಿ ಬೆಳೆಯುತ್ತದೆ, ಎಲೆ ದಟ್ಟವಾಗುತ್ತದೆ, ಮೊಗ್ಗು ಮಾತ್ರ ಇಲ್ಲ. ಕೆಲವು ಸಲ ಒಂದೇ ಸಾಲಿನಲ್ಲಿ ಕಂಬದ ಕಡೆಯ ನಾಲ್ಕು ಚೀಲ ಬರಿದಾಗಿ, ಗೋಡೆ ನೆರಳಿನವು ಹೂ ತುಂಬಿ ನಿಂತಿರುತ್ತವೆ. ರಾತ್ರಿ ಎಂಟಕ್ಕೆ ಗಿಡದ ಪಕ್ಕ ನಿಂತು ನೋಡಿ, ದೀಪದ ಬೆಳಕಲ್ಲಿ ಎಲೆಯ ನೆರಳು ನೆಲದ ಮೇಲೆ ಬಿದ್ದರೆ ಚೀಲವನ್ನು ಅಲ್ಲಿಂದ ಎತ್ತಿಡಿ.

ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಯಲ್ಲಿ ಚೀಲದ ತೂತು ಮುಚ್ಚಿಕೊಂಡರೆ ಬೇರು ಕೊಳೆತು ಗಿಡ ಒಂದೇ ದಿನಕ್ಕೆ ಬಾಡುತ್ತದೆ. ಆದ್ದರಿಂದ ಚೀಲಗಳನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ. ಬುಡದ ಎಲೆಗಳಲ್ಲಿ ಕಪ್ಪು ಚುಕ್ಕೆ ಕಂಡರೆ ಆ ಎಲೆ ಕಿತ್ತು ಸುಟ್ಟು, ಲೀಟರಿಗೆ 2 ಗ್ರಾಂ ಮ್ಯಾಂಕೊಜೆಬ್ ಶಿಲೀಂಧ್ರನಾಶಕ ಸಿಂಪಡಿಸಿ. ಕುಡಿಯಲ್ಲಿ ಹೇನು ಕೂತರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು, ಸಂಜೆ ಹೊತ್ತು. ಮೊಗ್ಗು ಕಂಡ ಮೇಲೆ ಯೂರಿಯಾ ಬೇಡ.

ಹಾರ ಹಾಕಿಸಿಕೊಳ್ಳುವವರ ಚರ್ಮದ ಬಗ್ಗೆ ಮರೆಯದೆ ಕೇಳಿ. ರಸ್ತೆ ಬದಿಯ ಪಾರ್ಥೇನಿಯಂ ಕಿತ್ತು ಕಿತ್ತು ಕತ್ತು, ಕಣ್ಣರೆಪ್ಪೆ, ಮೊಣಕೈ ಮಡಿಕೆಯಲ್ಲಿ ತುರಿ ಹಿಡಿದವರು ಗ್ಯಾಂಗಿನಲ್ಲಿ ಇದ್ದೇ ಇರುತ್ತಾರೆ. ಸೇವಂತಿಗೆ, ಚೆಂಡು ಹೂ ಎರಡೂ ಪಾರ್ಥೇನಿಯಂ ಕುಟುಂಬದವೇ. ಅಂಥವರ ಕುತ್ತಿಗೆಗೆ ಅರ್ಧ ಗಂಟೆ ಸೇವಂತಿಗೆ ಹಾಕಿದರೆ ಮರುದಿನ ಕೆಂಪಗೆ ಊದಬಹುದು. ಅವರಿಗೆ ಸುಗಂಧರಾಜ ಅಥವಾ ಗುಲಾಬಿ ಹಾರ ಮಾಡಿಸಿ, ನಿಮ್ಮ ಸೇವಂತಿಗೆಯನ್ನು ಮೇಜಿಗೆ, ಬಾಗಿಲಿಗೆ ಕಟ್ಟಿ. ಇದನ್ನು ಆ ಹಿರಿಯರ ಹತ್ತಿರವೇ, "ಅಣ್ಣಾ, ಹೂ ತಾಗಿದರೆ ತುರಿಸುತ್ತಾ?" ಎಂದು ಮೊದಲೇ ಕೇಳುವುದು ಒಳ್ಳೆಯದು. ಸಭೆಯಲ್ಲಿ ಅವರಾಗಿ ಹೇಳುವುದಿಲ್ಲ, ಸಂಕೋಚಕ್ಕೆ ಸುಮ್ಮನೆ ಹಾಕಿಸಿಕೊಳ್ಳುತ್ತಾರೆ.

ಹೂ ಬಿಡಿಸುವುದು ಹಿಂದಿನ ದಿನ ಸಂಜೆ ನಾಲ್ಕರ ಮೇಲೆ. ಡಿಸೆಂಬರಿನ ಬೆಳಗಿನ ಇಬ್ಬನಿಯಲ್ಲಿ ಕಿತ್ತ ಒದ್ದೆ ಹೂವನ್ನು ರಾಶಿ ಹಾಕಿದರೆ ದಳ ಕಪ್ಪಾಗುತ್ತದೆ. ಹೊರ ದಳ ಪೂರ್ತಿ ಬಿಚ್ಚಿ ನಡುವೆ ಇನ್ನೂ ಬಿಗಿಯಾಗಿರುವುದನ್ನು ಆರಿಸಿ, ತೊಟ್ಟು ಒಂದು ಬೆರಳಗಲ ಬಿಡಿ. ಗಿಡಕ್ಕೆ ಒಂದು ಕೊಯ್ಲಿಗೆ ಹದಿನೈದು ಹೂ ಎಂದು ಹಿಡಿಯಿರಿ. ಎದೆ ದಾಟುವ ಹಾರಕ್ಕೆ ಸುಮಾರು ಇನ್ನೂರು ಹೂ ಬೇಕು. ಬಿದಿರು ಬುಟ್ಟಿಗೆ ಹಿಂಡಿದ ಒದ್ದೆ ಬಟ್ಟೆ ಹಾಸಿ, ಅದುಮದೆ ತುಂಬಿ ತಣ್ಣನೆಯ ಜಾಗದಲ್ಲಿಡಿ.

ಕಟ್ಟುವವರ ಕೈಗೆ ಡಾಂಬರು ಅಂಟಿದ್ದರೆ ಡೀಸೆಲ್‌ನಲ್ಲಿ ತೊಳೆಯಬಾರದು. ಚರ್ಮ ಒಡೆಯುತ್ತದೆ, ವಾಸನೆ ಹೂವಿಗೆ ಹತ್ತುತ್ತದೆ. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು.

ಬಾಳೆ ನಾರನ್ನು ಅರ್ಧ ಗಂಟೆ ನೆನೆಸಿ. ನಾರಿನ ತುದಿಯನ್ನು ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಎರಡು ಹೂವಿನ ಮುಖ ಎಡಕ್ಕೆ, ಎರಡರದ್ದು ಬಲಕ್ಕೆ, ತೊಟ್ಟಿನ ಮೇಲೆ ತೊಟ್ಟು ಬರುವಂತೆ ಇಡಿ. ಬಲಗೈಯ ನಾರನ್ನು ನಾಲ್ಕೂ ತೊಟ್ಟಿಗೆ ಒಂದು ಸುತ್ತು ಸುತ್ತಿ, ಬೆರಳಿಗೆ ಕುಣಿಕೆ ಮಾಡಿ ತೊಟ್ಟಿನ ಮೇಲೆ ಜಾರಿಸಿ ಎಳೆಯಿರಿ. ತೊಟ್ಟು ಚೂರು ಬಾಗಿದರೆ ಸಾಕು. ಇನ್ನೂ ಎಳೆದರೆ ನಾರು ತೊಟ್ಟನ್ನು ಕೊಯ್ದು ಹೂ ಉದುರುತ್ತದೆ, ಬಿಗಿ ಕಡಿಮೆಯಾದರೆ ತೊಟ್ಟು ಒಣಗುತ್ತಿದ್ದಂತೆ ಜಾರುತ್ತದೆ. ಪ್ರತಿ ಎಂಟು ಹೂವಿಗೊಂದು ಮರುಗದ ಕಡ್ಡಿ ಸೇರಿಸಿ. ಎರಡು ಮಾರು ಕಟ್ಟಿ, ಮಡಚಿ ಜೋಡಿ ಎಳೆ ಮಾಡಿ, ಕುಚ್ಚಿಗೆ ಒಂದು ಕೆಂಪು ಗುಲಾಬಿ. ಮನೆಯ ಹೆಂಗಸರಿಗೆ ಮುಡಿಯಲು ಕನಕಾಂಬರವೇ ಇರಲಿ. ಚಳಿಗೆ ಮಲ್ಲಿಗೆ ಹೂ ಬಿಡುವುದು ಕಡಿಮೆಯಾಗಿ ಬೆಲೆ ಏರಿರುತ್ತದೆ, ಕನಕಾಂಬರ ಬೇಗ ಬಾಡುವುದೂ ಇಲ್ಲ. ಸಾಲದಿದ್ದರೆ ತಂಗಡಿ ಹೂ ಸೇರಿಸಬಹುದು, ಆದರೆ ಹುಲಿ ಸಂರಕ್ಷಿತ ಕಾಡಿನೊಳಗಿನ ರಸ್ತೆ ಬದಿಯಿಂದ ಕೀಳಬೇಡಿ.

ಸಭೆಯಲ್ಲಿ ಮೊದಲು ಶಾಲು, ಆಮೇಲೆ ಹಾರ. ತಿರುಗುಮುರುಗಾದರೆ ಶಾಲು ಹೂವನ್ನು ಅದುಮಿಬಿಡುತ್ತದೆ. ಮಿಂಚುವ ಜಾಕೆಟ್ ಹಾಕಿಕೊಂಡೇ ಬಂದಿದ್ದರೆ ಬಿಚ್ಚಿಸಿ, ಅದರ ವೆಲ್ಕ್ರೊ ದಳ ಕೀಳುತ್ತದೆ.

ಹೂ ಮುಗಿದ ಗಿಡವನ್ನು ಎಸೆಯಬೇಡಿ. ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಒಂದು ಹಿಡಿ ಗೊಬ್ಬರ ಹಾಕಿ. ಫೆಬ್ರವರಿಯಲ್ಲಿ ಮರಿ ಏಳುತ್ತವೆ. ಒಂದು ಚೀಲವನ್ನು ನಿವೃತ್ತರಾದವರ ಮನೆಗೆ ತಲುಪಿಸಿ, ಉಳಿದದ್ದನ್ನು ಏಪ್ರಿಲ್, ಮೇ ಬಿಸಿಲಿಗೆ ಹೊಂಗೆಯ ನೆರಳಿಗೆ ಸರಿಸಿ, ದಿನ ಬಿಟ್ಟು ದಿನ ನೀರು ಹಾಕಿ. ಜೂನಿನಲ್ಲಿ ಆ ಮರಿಗಳನ್ನೇ ಬಿಡಿಸಿ, ಮುಂದಿನ ವರ್ಷ ಹೊರಡುವವರ ತಾರೀಖು ನೋಡಿ ನೆಡಿ.