ಕ್ಯಾಲಿಫೋರ್ನಿಯಾದಲ್ಲಿ ಮೇಷ್ಟರಾಗಲು: ತಾತ್ಕಾಲಿಕ ಪರ್ಮಿಟ್‌ನಿಂದ ಪೂರ್ಣ ಅರ್ಹತೆಯವರೆಗೆ

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಯೊಂದರಲ್ಲಿ ಗಣಿತ ಕಲಿಸಲು ಪೂರ್ಣ ಅರ್ಹತೆಯುಳ್ಳವರು ಸಿಗದೆ, ಊರಿನಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿ ನೆಲೆಸಿರುವ ನಿಮ್ಮನ್ನು ಶಾಲೆಯವರು ಕರೆದರು ಎಂದಿಟ್ಟುಕೊಳ್ಳಿ. ಒಪ್ಪಿಕೊಂಡರೆ ದೊರೆಯುವುದು ಜನ ಈಗಲೂ ರೂಢಿಯಲ್ಲಿ ‘ಎಮರ್ಜೆನ್ಸಿ’ ಎನ್ನುವ ತಾತ್ಕಾಲಿಕ ಪತ್ರ. ಹಳೆಯ ಎಮರ್ಜೆನ್ಸಿ ಪರ್ಮಿಟ್‌ನ ಜಾಗಕ್ಕೆ 2005ರ ಸುಮಾರಿಗೆ ಎರಡು ಪರ್ಮಿಟ್‌ಗಳು ಬಂದವು. ಹಠಾತ್ತಾಗಿ ತೆರವಾದ ಹುದ್ದೆಗೆ ‘ಶಾರ್ಟ್ ಟರ್ಮ್ ಸ್ಟಾಫ್ ಪರ್ಮಿಟ್’. ಮೊದಲೇ ಗೊತ್ತಿರುವ ಕೊರತೆಗೆ ‘ಪ್ರಾವಿಷನಲ್ ಇಂಟರ್ನ್‌ಶಿಪ್ ಪರ್ಮಿಟ್’. ಎರಡೂ ಒಂದು ವರ್ಷ ಮೀರದ ಅವಧಿಯವು, ಮೊದಲನೆಯದಂತೂ ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಗುವಂಥದ್ದು. ಆದ್ದರಿಂದ ಪರ್ಮಿಟ್ ಕೈಗೆ ಬಂದ ಮೇಲೆ ನೋಡೋಣ ಎಂದುಕೊಂಡವರಿಗೆ ಸಮಯ ಸಾಲುವುದಿಲ್ಲ.

ಮೊದಲು ಕೈಹಾಕಬೇಕಾದದ್ದು ಅಂಕಪಟ್ಟಿಗಳಿಗೆ. ಪರ್ಮಿಟ್‌ಗೆ ಪದವಿ ಕಡ್ಡಾಯ. ಪ್ರೌಢಶಾಲೆಯ ಒಂದು ವಿಷಯ ಕಲಿಸುವುದಾದರೆ ಆ ವಿಷಯದಲ್ಲಿ 18 ಸೆಮಿಸ್ಟರ್ ಯೂನಿಟ್ (ಅಲ್ಲಿನ ಕಾಲೇಜು ಓದಿನ ಅಳತೆ, ಅಂದರೆ ಕ್ರೆಡಿಟ್), ಇಲ್ಲವೇ ಮೇಲಿನ ಹಂತದ 9 ಯೂನಿಟ್ ಓದಿರಬೇಕು. ನಮ್ಮ ಅಂಕಪಟ್ಟಿಗಳನ್ನು ಈ ಲೆಕ್ಕಕ್ಕೆ ತರುವುದು ಅಲ್ಲಿನ ಶಿಕ್ಷಕ ಅರ್ಹತಾ ಆಯೋಗವು ಮಾನ್ಯ ಮಾಡಿದ ಮೌಲ್ಯಮಾಪನ ಸಂಸ್ಥೆಗಳ ಕೆಲಸ. ಪ್ರತಿ ಪತ್ರಿಕೆಯ ವಿವರವಿರುವ ವರದಿಯನ್ನೇ ಕೇಳಿ ಪಡೆಯಿರಿ. ನಮ್ಮ ಮೂರು ವರ್ಷದ ಬಿ.ಎಸ್ಸಿ. ಅಥವಾ ಬಿ.ಎ.ಯನ್ನು ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಮವೆಂದು ಒಪ್ಪದ ಸಂಸ್ಥೆಗಳಿವೆ. ಸ್ನಾತಕೋತ್ತರ ಪದವಿಯ ದಾಖಲೆಗಳನ್ನೂ ಜೊತೆಗೇ ಕಳುಹಿಸಿದರೆ ತೊಡಕು ಬಹುಮಟ್ಟಿಗೆ ನೀಗುತ್ತದೆ. ಸಾಮಾನ್ಯವಾಗಿ ಟ್ರಾನ್ಸ್‌ಕ್ರಿಪ್ಟ್ ಮೊಹರು ಮಾಡಿದ ಲಕೋಟೆಯಲ್ಲಿ ವಿಶ್ವವಿದ್ಯಾಲಯದಿಂದಲೇ ಹೋಗಬೇಕು. ಇಪ್ಪತ್ತು ವರ್ಷದಿಂದ ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿಟ್ಟ ಅಂಕಪಟ್ಟಿ ಅಲ್ಲಿ ಲೆಕ್ಕಕ್ಕೆ ಬಾರದು. ಕುಲಸಚಿವರ (ಮೌಲ್ಯಮಾಪನ) ಕಚೇರಿಯ ಕಿಟಕಿಗೆ ಅಲೆಯಲು ಊರಿನಲ್ಲಿ ತಮ್ಮನೋ ಭಾವನೋ ಇರುವವರು ಪುಣ್ಯವಂತರು. ಇಲ್ಲದವರು ಮುಂದಿನ ಊರಿನ ಪ್ರವಾಸದಲ್ಲಿ ಮದುವೆ ಊಟಕ್ಕಿಂತ ಮೊದಲು ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು.

ಬಿ.ಇಡಿ. ಮಾಡಿಕೊಂಡವರು ಇಲ್ಲೇ ಒಂದು ಕ್ಷಣ ನಿಲ್ಲಬೇಕು. ಹೊರದೇಶದಲ್ಲಿ ಶಿಕ್ಷಕ ತರಬೇತಿ ಪಡೆದವರಿಗೆ ಆಯೋಗದಲ್ಲಿ ಪ್ರತ್ಯೇಕ ದಾರಿಯಿದ್ದು, ತರಬೇತಿ ಸಮಾನವೆಂದು ವರದಿ ಬಂದರೆ ನೇರವಾಗಿ ‘ಪ್ರಿಲಿಮಿನರಿ’ ಎಂಬ ಆರಂಭಿಕ ಹಂತದ ಅರ್ಹತಾಪತ್ರಕ್ಕೆ ಅರ್ಜಿ ಹಾಕಬಹುದಾದ್ದರಿಂದ, ಅವರಿಗೆ ಈ ತಾತ್ಕಾಲಿಕ ಪರ್ಮಿಟ್‌ನ ಗೊಡವೆಯೇ ಬೇಕಾಗದಿರಬಹುದು.

ಪರ್ಮಿಟ್‌ಗೆ ಶಿಕ್ಷಕರು ತಾವಾಗಿಯೇ ಅರ್ಜಿ ಹಾಕುವಂತಿಲ್ಲ. ಕೆಲಸ ಕೊಡುವ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ಆಯೋಗವನ್ನು ಕೋರಬೇಕು, ಮತ್ತು ಪರ್ಮಿಟ್ ಆ ಡಿಸ್ಟ್ರಿಕ್ಟ್‌ನಲ್ಲಿ ಮಾತ್ರ ನಡೆಯುತ್ತದೆ. ನಿಮ್ಮ ಪಾಲಿಗೆ ಉಳಿಯುವುದು ‘ಲೈವ್ ಸ್ಕ್ಯಾನ್’ ಎಂಬ ಬೆರಳಚ್ಚು ತಪಾಸಣೆ ಮತ್ತು ಶುಲ್ಕ. ಎಚ್4 (ಎಚ್1ಬಿ ನೌಕರರ ಅವಲಂಬಿತರ) ವೀಸಾದಲ್ಲಿರುವವರ ಬಳಿ ಉದ್ಯೋಗದ ಪರವಾನಗಿಯೂ ಇರಬೇಕು. ಓದು, ಬರಹ, ಗಣಿತದ ಮೂಲ ಕೌಶಲ ಅಳೆಯುವ ಸಿಬೆಸ್ಟ್ ಪರೀಕ್ಷೆ ಬರೆಯಲೇಬೇಕೆಂದು ಹಳೆಯ ಪರಿಚಯದವರು ಹೇಳಿದರೆ ಗಾಬರಿ ಬೇಡ. 2024ರ ತಿದ್ದುಪಡಿಯ ನಂತರ ಆ ಮೂಲ ಕೌಶಲದ ಷರತ್ತಿಗೆ ಪದವಿಯೇ ಸಾಕು.

ಮುಂದಿನ ಮೆಟ್ಟಿಲು ‘ಇಂಟರ್ನ್’ ಅರ್ಹತಾಪತ್ರ. ಇದರಲ್ಲಿ ಸಂಬಳ ಪಡೆದು ಪಾಠ ಮಾಡುತ್ತಲೇ ತರಬೇತಿ ಮುಗಿಸಬಹುದು. ಅವಧಿ ಸಾಮಾನ್ಯವಾಗಿ ಎರಡು ವರ್ಷ. ಇದಕ್ಕೆ ವಿಶ್ವವಿದ್ಯಾಲಯದ ಅಥವಾ ಡಿಸ್ಟ್ರಿಕ್ಟ್‌ನ ತರಬೇತಿ ಕಾರ್ಯಕ್ರಮಕ್ಕೆ ಸೇರಿ, 120 ಗಂಟೆಗಳ ಪೂರ್ವ ತರಬೇತಿ ಮುಗಿಸಿ, ಅಮೆರಿಕದ ಸಂವಿಧಾನದ ಕುರಿತು ಒಂದು ಕೋರ್ಸ್ ಅಥವಾ ಪರೀಕ್ಷೆ ಪೂರೈಸಿ, ವಿಷಯಜ್ಞಾನವನ್ನೂ ರುಜುವಾತು ಮಾಡಬೇಕು. ವಿಷಯಜ್ಞಾನ ತೋರಿಸಲು ಹಿಂದೆ ಹೆಚ್ಚಿನವರು ಸಿಸೆಟ್ ಎಂಬ ವಿಷಯ ಪರೀಕ್ಷೆಯನ್ನೇ ಬರೆಯುತ್ತಿದ್ದರು. 2021ರಿಂದ ಪದವಿಯ ಮುಖ್ಯ ವಿಷಯ ಅಥವಾ ಓದಿದ ಕೋರ್ಸ್‌ಗಳ ಆಧಾರದಲ್ಲೂ ತೋರಿಸಬಹುದು. ಆಗಸ್ಟ್‌ನಲ್ಲಿ ಪರ್ಮಿಟ್ ಮೇಲೆ ತರಗತಿಗೆ ಹೋದವರು ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಕ್ರಿಸ್‌ಮಸ್ ರಜೆಯೊಳಗೇ ಅರ್ಜಿ ಸಿದ್ಧಪಡಿಸಿಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ, ಏಕೆಂದರೆ ಉತ್ತರಪತ್ರಿಕೆಗಳ ರಾಶಿಯ ನಡುವೆ ಮತ್ತೆ ಬಿಡುವು ಸಿಗುವುದು ಕಷ್ಟ. ಇಂಟರ್ನ್‌ಗಳಿಗೆ ವರ್ಷಕ್ಕೆ 144 ಗಂಟೆಗಳ ಮಾರ್ಗದರ್ಶನ ನೀಡಬೇಕೆಂಬ ನಿಯಮವಿದ್ದು, ಅದು ಕಾಗದದಲ್ಲೇ ಉಳಿಯದಂತೆ ಮಾರ್ಗದರ್ಶಕರು ಯಾರು, ಯಾವ ದಿನ ಬರುತ್ತಾರೆ ಎಂಬುದನ್ನು ಮೊದಲ ವಾರವೇ ಕೇಳಿಕೊಳ್ಳಿ.

ತರಬೇತಿ ಹಾಗೂ ಬೋಧನಾ ಸಾಮರ್ಥ್ಯದ ಮೌಲ್ಯಮಾಪನ ಮುಗಿದರೆ ಐದು ವರ್ಷದ ಪ್ರಿಲಿಮಿನರಿ ಕೈಸೇರುತ್ತದೆ. ಆ ಐದು ವರ್ಷದೊಳಗೆ, ಸಾಮಾನ್ಯವಾಗಿ ಎರಡು ವರ್ಷದ ‘ಇಂಡಕ್ಷನ್’ (ಹೊಸ ಶಿಕ್ಷಕರಿಗೆ ಮಾರ್ಗದರ್ಶನ ನೀಡುವ ಕಾರ್ಯಕ್ರಮ) ಪೂರೈಸಿದವರಿಗೆ ಪೂರ್ಣ ಅರ್ಹತೆಯ ‘ಕ್ಲಿಯರ್’ ಪತ್ರ ಸಿಗುತ್ತದೆ. ಅದನ್ನು ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸುತ್ತಿದ್ದರೆ ಸಾಕು.