ಸರ್ವೇ ನಂಬರಿಗೆ ಊರಿನ ಗುರುತು ಸೇರಿಸಿದ ಮೇಲೆ

ನಕ್ಷೆ ಬಿಡಿಸುವುದು ನನ್ನ ವೃತ್ತಿ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಭೂ ಉಪಯೋಗ ಬದಲಾವಣೆಯ ಪ್ರಕಟಣೆಗಳು ಪತ್ರಿಕೆಯಲ್ಲಿ ಬಂದರೆ ನಾನು ತಪ್ಪದೆ ಓದುತ್ತೇನೆ. ಆದರೆ ಅದೇ ಪತ್ರಿಕೆಯನ್ನು ಮನೆಗೆ ತರಿಸುವ ನಮ್ಮ ಓಣಿಯವರು ಆ ಚೌಕವನ್ನು ದಾಟಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಕಟ್ಟಡದ ಪಾಯ ತೋಡಿದ ಮೇಲೆ ನನ್ನ ಬಳಿ ಬಂದು, ‘ಇದಕ್ಕೆ ಯಾರು ಒಪ್ಪಿಗೆ ಕೊಟ್ಟರು, ನಮ್ಮನ್ನು ಯಾಕೆ ಕೇಳಲಿಲ್ಲ?’ ಎನ್ನುತ್ತಾರೆ. ಕೇಳಿರುತ್ತಾರೆ. ಕೇಳಿದ್ದು ಇವರಿಗೆ ತಿಳಿದಿರುವುದಿಲ್ಲ, ಅಷ್ಟೇ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಮು ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಮಹಾಯೋಜನೆಯಲ್ಲಿ, ಅಂದರೆ ಊರಿನ ಮಾಸ್ಟರ್ ಪ್ಲಾನಿನಲ್ಲಿ, ಒಂದು ಜಮೀನಿಗೆ ಗೊತ್ತುಪಡಿಸಿದ ಉಪಯೋಗವನ್ನು ಬದಲಿಸಬೇಕಾದರೆ ಆ ಬದಲಾವಣೆ ಸಾರ್ವಜನಿಕ ಹಿತಕ್ಕೆ ತಕ್ಕುದಾಗಿರಬೇಕು, ಬೇರೆ ಕಾನೂನನ್ನು ಮೀರಬಾರದು, ಆ ಭಾಗದಲ್ಲಿ ಓದುಗರಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರಿಂದ ಆಕ್ಷೇಪಣೆ ಕರೆಯಬೇಕು. ನಮ್ಮ ಅವಳಿ ನಗರದಲ್ಲಿ ಇದನ್ನು ನೋಡಿಕೊಳ್ಳುವುದು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಹುಡಾ. ಹೀಗೆ ಬಾಗಿಲು ತೆರೆದೇ ಇದೆ. ಆದರೆ ಅದರ ಮೇಲಿನ ಬರಹವನ್ನು ಓದಬಲ್ಲವರು ನನ್ನಂಥ ನಕ್ಷೆಗಾರರು, ವಕೀಲರು ಮತ್ತು ಜಮೀನು ವ್ಯವಹಾರ ಮಾಡುವವರು ಮಾತ್ರ.

ಪ್ರಕಟಣೆಯ ಒಕ್ಕಣೆ ಸಾಮಾನ್ಯವಾಗಿ ಹೀಗಿರುತ್ತದೆ: ಇಂಥ ಗ್ರಾಮದ ರಿ.ಸ.ನಂ. (ಸರ್ವೇ ನಂಬರು) ಇಷ್ಟರ ಪೈಕಿ 2 ಎಕರೆ 14 ಗುಂಟೆ ಜಮೀನನ್ನು ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಲು ಕೋರಿದ್ದು, ಆಕ್ಷೇಪಣೆಗಳಿದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಪಕ್ಕದ ಮನೆಯವನಿಗೆ ಅದು ತನ್ನ ಮಕ್ಕಳು ಆಡುವ ಬಯಲು ಎಂದು ಈ ಸಾಲಿನಿಂದ ಗೊತ್ತಾಗುವುದಿಲ್ಲ. ಅವನಿಗೆ ಆ ಜಾಗ ‘ಶಾಲೆಯ ಹಿಂದಿನ ಹೊಲ’. ಈ ಎರಡು ಹೆಸರುಗಳನ್ನು ಒಂದೇ ಸಾಲಿಗೆ ತರುವುದೇ ನನ್ನ ಕೆಲಸವೆಂದು ನಿರ್ಧರಿಸಿ, ಇಬ್ಬರು ಗೆಳೆಯರೊಂದಿಗೆ ಕುಳಿತೆ. ಆಸ್ಟ್ರೇಲಿಯಾದಲ್ಲಿ ‘ಪ್ಲ್ಯಾನಿಂಗ್ ಅಲರ್ಟ್ಸ್’ ಎಂಬ ಸೇವೆಯೊಂದಿದೆ. ವಿಳಾಸ ಕೊಟ್ಟರೆ ಸುತ್ತಮುತ್ತಲ ಕಟ್ಟಡದ ಅರ್ಜಿಗಳ ವಿವರ ಇಮೇಲಿಗೆ ಬರುತ್ತದೆ. ಅದು ನಮ್ಮ ಕಣ್ಣ ಮುಂದಿತ್ತು. ಆದರೆ ನಮ್ಮಲ್ಲಿ ವಿಳಾಸವೆಂಬುದೇ ಬೇರೆ ಬಗೆಯದು.

ಮೊದಲು ಮಾಡಿದ್ದು ಈ ಪ್ರಕಟಣೆಗಳನ್ನು ಬರೆದಿಡುವ ಒಂದು ಸಾದಾ ಕೋಷ್ಟಕ. ಅತಿ ಹೆಚ್ಚು ಹೊತ್ತು ಹಿಡಿದದ್ದು ನಂಬರಿನ ಅಂಕಣ. ಹಳ್ಳಿಯ ಜಮೀನಿಗೆ ರಿ.ಸ. ನಂಬರು, ಕೆಲವು ಊರುಗಳಲ್ಲಿ ಬ್ಲಾಕ್ ನಂಬರು, ಪಟ್ಟಣದೊಳಗೆ ಸಿ.ಟಿ.ಎಸ್. ನಂಬರು, ಅಂದರೆ ನಗರ ಸರ್ವೇಯ ನಂಬರು. ಒಂದೇ ಹಿಸ್ಸೆಯನ್ನು (ಸರ್ವೇ ನಂಬರಿನ ಪಾಲನ್ನು) ಒಂದು ಕಾಗದದಲ್ಲಿ ‘45/2ಅ’ ಎಂದು, ಇನ್ನೊಂದರಲ್ಲಿ ‘45/2ಎ’ ಎಂದು, ಮತ್ತೊಂದರಲ್ಲಿ ‘೪೫/೨ಅ’ ಎಂದು ಬರೆದಿರುತ್ತಾರೆ. ಮನುಷ್ಯನ ಕಣ್ಣಿಗೆ ಮೂರೂ ಒಂದೇ, ಹುಡುಕುವ ಯಂತ್ರಕ್ಕೆ ಮೂರು ಬೇರೆ ಬೇರೆ. ಹೀಗಾಗಿ ಪ್ರಕಟಣೆಯಲ್ಲಿ ಇದ್ದಂತೆಯೇ ಬರೆಯಲು ಒಂದು ಅಂಕಣ, ಹುಡುಕುವುದಕ್ಕೆಂದು ಒಂದೇ ರೂಪಕ್ಕೆ ತಂದು ಬರೆಯಲು ಇನ್ನೊಂದು ಅಂಕಣ ಇಟ್ಟೆವು. ಮೂಲವನ್ನು ತಿದ್ದಬಾರದು. ನಾಳೆ ಆಕ್ಷೇಪಣೆ ಬರೆಯುವವರು ಪ್ರಕಟಣೆಯಲ್ಲಿರುವ ನಂಬರನ್ನೇ ಹಾಕಬೇಕು.

ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಈಗ ಕನ್ನಡವನ್ನೂ ಓದುತ್ತದೆ. ವಾಕ್ಯಗಳಿಗೆ ಅದು ಸಾಕು. ಪತ್ರಿಕೆಯ ಸಣ್ಣ ಅಚ್ಚಿನ ಅಂಕಿಗಳನ್ನು ಮಾತ್ರ ನಾನು ಯಂತ್ರಕ್ಕೆ ಬಿಡುವುದಿಲ್ಲ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. ಎಲ್ಲವನ್ನೂ ಮೊಬೈಲು, ಕಂಪ್ಯೂಟರು ಎರಡೂ ಓದುವ ಯೂನಿಕೋಡ್ ಲಿಪಿಸಂಕೇತದಲ್ಲೇ ಇಡುತ್ತೇವೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯ ಕಡತಗಳು ಕಾಗದದ ಮೇಲೆ ಚೆಂದ ಮೂಡುತ್ತವೆ, ಮೊಬೈಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಆಮೇಲೆ ಜಾಗದ ಗುರುತು. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೇ ನಂಬರು ಕೊಟ್ಟರೆ ಜಮೀನು ನಕ್ಷೆಯ ಮೇಲೆ ಕಾಣುತ್ತದೆ. ಅದರ ಜೊತೆ ಗ್ರಾಮ ನಕಾಶೆಯನ್ನೂ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಹಳ್ಳ, ಬಂಡಿದಾರಿ, ಕೆರೆಯ ಅಂಗಳ ಅದರಲ್ಲಿ ತಿಳಿಯಾಗಿರುತ್ತವೆ. ಇಷ್ಟಾದ ಮೇಲೂ ಆ ಜಾಗಕ್ಕೆ ಹೋಗಲೇಬೇಕು. ‘ಇದಕ್ಕೆ ನೀವು ಏನೆನ್ನುತ್ತೀರಿ, ಯಜಮಾನರೇ?’ ಎಂದು ಅಲ್ಲಿರುವ ಹಿರಿಯರನ್ನು ಕೇಳುತ್ತೇನೆ. ನವಲೂರಿನ ಕಡೆ ಪೇರಲ ತೋಟಗಳಿಂದ ಗುರುತು ಹೇಳುತ್ತಾರೆ, ಉಣಕಲ್ಲಿನ ಕಡೆ ಕೆರೆಯಿಂದ. ಅವರು ಹೇಳಿದ ಮಾತನ್ನೇ ‘ಊರಿನ ಗುರುತು’ ಎಂಬ ಅಂಕಣದಲ್ಲಿ ಬರೆಯುತ್ತೇನೆ. ಇಡೀ ಕೋಷ್ಟಕದಲ್ಲಿ ಬೆಲೆಯುಳ್ಳ ಅಂಕಣ ಅದೊಂದೇ ಎಂದರೂ ನಡೆಯುತ್ತದೆ.

ಒಂದು ಹಳ್ಳಿಯಲ್ಲಿ ಹೀಗೆ ಕೇಳುವಾಗ ಹಿರಿಯರೊಬ್ಬರು ನನ್ನ ಮೊಬೈಲನ್ನು ದೂರ ಹಿಡಿದು ನೋಡಿ, ‘ತಮ್ಮಾ, ಇದರ ನಡುವೆ ಹಳ್ಳ ಹರಿಯುತ್ತದೆಯಲ್ಲ, ಅದು ಎಲ್ಲಿದೆ?’ ಎಂದರು. ಪ್ರಕಟಣೆಯಲ್ಲಿ ಹಳ್ಳದ ಮಾತೇ ಇರಲಿಲ್ಲ. ಗ್ರಾಮ ನಕಾಶೆಯಲ್ಲಿ ಇತ್ತು. ಊರವರು ನಕಾಶೆಯ ಪ್ರತಿ ಲಗತ್ತಿಸಿ ಆಕ್ಷೇಪಣೆ ಕೊಟ್ಟರು. ಅದರಲ್ಲಿ ಜಮೀನಿನ ಮಾಲೀಕರ ಮೇಲೆ ಒಂದು ಶಬ್ದವೂ ಇರಲಿಲ್ಲ. ಪ್ರಕಟಣೆಯ ದಿನಾಂಕ, ಸರ್ವೇ ನಂಬರು, ಹಳ್ಳ ಹಾಯುವ ಜಾಗ, ಮಳೆಗಾಲದಲ್ಲಿ ನೀರು ಹೋಗುವ ದಿಕ್ಕು ಇಷ್ಟೇ ಇದ್ದವು. ಆಕ್ಷೇಪಣೆ ಹೀಗೆಯೇ ಇರಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಚೇರಿಯ ಆವಕ ಸಂಖ್ಯೆ (ಅರ್ಜಿ ಸ್ವೀಕರಿಸಿದ ಗುರುತು) ಬಿದ್ದ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಳ್ಳದೆ ಹೊರಗೆ ಬರಬಾರದು ಎಂದೂ ಹೇಳುತ್ತೇನೆ.

ಅಂತರ್ಜಾಲದಲ್ಲಿ ಹಾಕುವ ನಕ್ಷೆಯಲ್ಲಿ ಮಹಾಯೋಜನೆಯ ಬಣ್ಣಗಳನ್ನೇ ಉಳಿಸಿಕೊಂಡಿದ್ದೇವೆ: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ಜಮೀನಿನ ಮೇಲೆ ಬೆರಳಿಟ್ಟರೆ ಮೊದಲ ಸಾಲಿನಲ್ಲಿ ಆಕ್ಷೇಪಣೆಯ ಕೊನೆಯ ದಿನ, ಎರಡನೆಯದರಲ್ಲಿ ಊರಿನ ಗುರುತು, ಆಮೇಲೆ ಉಳಿದದ್ದು ಬರುತ್ತದೆ. ಎಕರೆ-ಗುಂಟೆಯ ಪಕ್ಕದಲ್ಲಿ ಚದರ ಅಡಿಯನ್ನೂ ಕೊಡುತ್ತೇವೆ. ಗುಂಟೆಗೆ 1,089 ಚದರ ಅಡಿಯಂತೆ ಆ 2 ಎಕರೆ 14 ಗುಂಟೆ ಒಂದು ಲಕ್ಷ ಚದರ ಅಡಿ ಮೀರುತ್ತದೆ. ತಮ್ಮ ಮೂವತ್ತು-ನಲವತ್ತರ ಪ್ಲಾಟಿನ ಲೆಕ್ಕದಲ್ಲಿ ಯೋಚಿಸುವವರಿಗೆ ಆಗ ಅದರ ಗಾತ್ರ ಹೊಳೆಯುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಪತ್ರಿಕೆಯ ಫೋಟೊ ಕಳಿಸುವುದಿಲ್ಲ. ಅಕ್ಷರದಲ್ಲೇ ಬರೆದು, ಜಾಗದ ಕೊಂಡಿ ಸೇರಿಸುತ್ತೇವೆ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿ ಓದಬಹುದು, ಬೇಕಾದರೆ ಫೋನಿನಿಂದಲೇ ಓದಿಸಿ ಕೇಳಬಹುದು.

ಅರ್ಜಿದಾರರ ಹೆಸರನ್ನು ನಾವು ಹಾಕುವುದಿಲ್ಲ. ಪತ್ರಿಕೆಯಲ್ಲೇ ಬಂದಿದೆಯಲ್ಲ ಎಂದು ಗೆಳೆಯರು ವಾದಿಸಿದರು. ನನ್ನ ನಿಲುವು ಬದಲಾಗಲಿಲ್ಲ. ಚರ್ಚೆಯಾಗಬೇಕಾದದ್ದು ನೆಲದ ಉಪಯೋಗ. ಹೆಸರು ಬಂದೊಡನೆ ಜಾತಿ, ಪಕ್ಷ, ಹಳೆಯ ಜಗಳ ಎಲ್ಲ ಬರುತ್ತವೆ, ಹಳ್ಳದ ಮಾತು ಹಿಂದೆ ಬೀಳುತ್ತದೆ.

ಹೆಚ್ಚಿನ ಕಾಗದ ಬೇಕಾದವರು ಮಾಹಿತಿ ಹಕ್ಕಿನ ಅರ್ಜಿ ಹಾಕೋಣವೇ ಎಂದು ಕೇಳುತ್ತಾರೆ. ಹಾಕಬಹುದು, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ ಎಂಬುದು ನೆನಪಿರಲಿ. ಆದರೆ ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ, ಆಕ್ಷೇಪಣೆಯ ಅವಧಿ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಆದ್ದರಿಂದ ಮೊದಲು ಆಕ್ಷೇಪಣೆ ಕೊಡಿ, ಕಡತ ನೋಡಲು ಅವಕಾಶ ಬೇಕೆಂದು ಅದರಲ್ಲೇ ಬರೆಯಿರಿ, ಮಾಹಿತಿ ಹಕ್ಕಿನ ಅರ್ಜಿ ಬೆನ್ನಿಗೇ ಹೋಗಲಿ. 2005ರ ಆ ಕಾಯ್ದೆಯ 4ನೇ ಕಲಮು ಯಾರೂ ಕೇಳದೆಯೇ ಮಾಹಿತಿಯನ್ನು ಪ್ರಕಟಿಸುವ ಹೊಣೆಯನ್ನು ಕಚೇರಿಗಳ ಮೇಲೆ ಹೊರಿಸಿದೆ. ಪ್ರಕಟಣೆಯ ಜೊತೆ ಜಮೀನಿನ ನಕ್ಷೆಯನ್ನೂ ಅಂತರ್ಜಾಲದಲ್ಲಿ ಹಾಕಿದರೆ ನಮ್ಮ ಕೆಲಸದ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ. ಆ ದಿನ ಬರಲೆಂದೇ ನನ್ನ ಆಸೆ.

ಗದಗ-ಬೆಟಗೇರಿಯ ಕೆಲವು ಯುವಕರು ಈ ಕೋಷ್ಟಕದ ಮಾದರಿ ಕೇಳಿದ್ದರು, ಕಳಿಸಿದ್ದೇನೆ. ಈಗ ಅದಕ್ಕೆ ‘ಕೊನೆಯ ಆದೇಶ’ ಎಂಬ ಅಂಕಣ ಸೇರಿಸುತ್ತಿದ್ದೇವೆ. ಆಕ್ಷೇಪಣೆ ಕೊಟ್ಟವರು ಫೋನ್ ಮಾಡಿ ಮೊದಲು ಕೇಳುವುದು ಅದನ್ನೇ.