ಸ್ಕಾಟ್ಲೆಂಡಿನ ಹಳೆಯ ಪಟ್ಟಣವೊಂದರ ಚರಿತ್ರೆಯನ್ನು ಹುಡುಕುವ ಬಗೆ

ಸ್ಕಾಟ್ಲೆಂಡಿನ ಹಳೆಯ ಪಟ್ಟಣವೊಂದರ ಚರಿತ್ರೆಯನ್ನು ಹುಡುಕಹೊರಟವರು ಕಡತಗಳನ್ನು ಬಿಚ್ಚುವ ಮೊದಲು ಅದರ ಬೀದಿಗಳಲ್ಲಿ ನಡೆಯುವುದು ಲೇಸು. ಫೋರ್ತ್ ನದಿಮುಖದ ದಡದಲ್ಲಿರುವ ಕೂರಸ್ ಪಟ್ಟಣವನ್ನೇ ನೋಡಿ. ಅಲ್ಲಿ ‘ಅರಮನೆ’ ಎನಿಸಿಕೊಂಡಿರುವ ಕಟ್ಟಡವು ರಾಜನದ್ದಲ್ಲ, ಕಲ್ಲಿದ್ದಲು ಮತ್ತು ಉಪ್ಪಿನ ವ್ಯಾಪಾರದಿಂದ ಸಿರಿವಂತನಾದ ಜಾರ್ಜ್ ಬ್ರೂಸನ ಮನೆ. ಅದರ ಒಂದು ಭಾಗದಲ್ಲಿ 1597 ಎಂಬ ವರ್ಷದೊಂದಿಗೆ ಅವನ ಹೆಸರಿನ ಜಿ, ಬಿ ಎಂಬ ಮೊದಲಕ್ಷರಗಳಿದ್ದರೆ, 1611ರ ಭಾಗದಲ್ಲಿ ಅವುಗಳ ಮುಂದೆ ‘ಸರ್’ ಪದವಿಯ ಎಸ್ ಸೇರಿಕೊಂಡಿದೆ. ನಡುವಿನ ವರ್ಷಗಳಲ್ಲಿ ಅವನು ನೈಟ್ ಆದನೆಂಬುದನ್ನು ಕಲ್ಲೇ ಹೇಳುತ್ತದೆ. ಸಾಮಾನ್ಯರ ಮನೆಗಳ ಬಾಗಿಲ ಮೇಲಿನ ತೊಲೆಗಲ್ಲಿನಲ್ಲಿಯೂ ಗಂಡಹೆಂಡಿರ ಮೊದಲಕ್ಷರಗಳು ಸಿಗುವುದುಂಟು. ಚರ್ಚಿನ ಅಂಗಳದ ಗೋರಿಗಲ್ಲಿನಲ್ಲಿ ಕಿರೀಟ ಹೊತ್ತ ಸುತ್ತಿಗೆ ಕಂಡರೆ ಅಲ್ಲಿ ಮಲಗಿರುವವನು ಲೋಹದ ಕೆಲಸಗಾರರ ಸಂಘದವನೆಂದು ತಿಳಿಯಬಹುದು.

ಬಳಿಕ ನಕ್ಷೆಗಳಿಗೆ ಬನ್ನಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಹಳೆಯ ನಕ್ಷೆಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಮುಖ್ಯ ಬೀದಿಯಿಂದ ಹಿಂದಕ್ಕೆ ಚಾಚಿದ, ‘ರಿಗ್’ ಎಂದು ಕರೆಯುವ ಉದ್ದನೆಯ ಕಿರಿದಾದ ನಿವೇಶನಗಳನ್ನು ಅವುಗಳಲ್ಲಿ ಗುರುತಿಸಿಕೊಳ್ಳಿ. ಮನೆ ಕೆಡವಿ ಮತ್ತೆ ಕಟ್ಟಿದರೂ ಈ ಗಡಿಗಳು ಶತಮಾನಗಳ ಕಾಲ ಕದಲದೆ ಉಳಿದಿರುವುದು ಸಾಮಾನ್ಯ.

ದಾಖಲೆಗಳ ವಿಷಯದಲ್ಲಿ ಹೊಸಬರು ಮೊದಲು ಎಡವುವುದು ಊರು ಸೇರಿದ್ದ ಕೌಂಟಿಯ, ಅಂದರೆ ಜಿಲ್ಲೆಯ, ಹೆಸರಿನಲ್ಲಿ. ಕೂರಸ್ ಇಂದು ಫೈಫ್‌ನಲ್ಲಿದ್ದರೂ 1891ರವರೆಗೆ ಪರ್ತ್‌ಶೈರ್‌ಗೆ ಸೇರಿತ್ತು. ಹಾಗಾಗಿ ಅದಕ್ಕೂ ಹಿಂದಿನ ಕಾಗದಗಳನ್ನು ಫೈಫ್ ಹೆಸರಿನಡಿ ಮಾತ್ರ ಹುಡುಕುವವರು ಬರಿಗೈಯಲ್ಲಿ ಮರಳಬೇಕಾದೀತು. ಜನನ, ವಿವಾಹ ಮತ್ತು ಮರಣಗಳ ಕಡ್ಡಾಯ ಸರ್ಕಾರಿ ನೋಂದಣಿ ಆರಂಭವಾದದ್ದು 1855ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ದಾಖಲೆಗಳೇ ಗತಿ, ಮತ್ತು ಅವು ಎಲ್ಲೆಡೆ ಪೂರ್ಣವಾಗಿಲ್ಲ. ಮದುವೆಯಾದ ಹೆಂಗಸರನ್ನು ಸ್ಕಾಟ್ಲೆಂಡಿನ ದಾಖಲೆಗಳು ಹಲವು ವೇಳೆ ತವರಿನ ಮನೆತನದ ಹೆಸರಿನಿಂದಲೇ ಗುರುತಿಸುವುದರಿಂದ ವಂಶಾವಳಿ ಹುಡುಕುವವರ ಕೆಲಸ ಎಷ್ಟೋ ಹಗುರವಾಗುತ್ತದೆ. ಮನೆ ಮತ್ತು ಜಮೀನು ಕೈಬದಲಾದದ್ದನ್ನು ತಿಳಿಯಲು 1617ರಲ್ಲಿ ಸ್ಥಾಪಿತವಾದ ಸೇಸೀನ್ (ಆಸ್ತಿಯ ಸ್ವಾಧೀನ) ನೋಂದಣಿಯನ್ನು ನೋಡಬೇಕು.

ಸರ್ ಜಾನ್ ಸಿಂಕ್ಲೇರ್ 1790ರ ದಶಕದಲ್ಲಿ ಪ್ರತಿ ಪ್ಯಾರಿಷ್‌ನ ಪಾದ್ರಿಯಿಂದಲೂ ವಿವರ ತರಿಸಿ ಪ್ರಕಟಿಸಿದ ‘ಸ್ಟ್ಯಾಟಿಸ್ಟಿಕಲ್ ಅಕೌಂಟ್’ ಅಮೂಲ್ಯವಾದ ಆಕರ. ಆದರೆ ಪಾದ್ರಿಯು ತನ್ನ ಕಾಲದ ಕೂಲಿ, ಬೆಳೆ, ಜನಸಂಖ್ಯೆಗಳ ಬಗ್ಗೆ ಬರೆದದ್ದಕ್ಕೆ ಕೊಡುವ ಬೆಲೆಯನ್ನು ಊರಿನ ಹುಟ್ಟಿನ ಬಗ್ಗೆ ಅವನು ಹೇಳುವ ಕತೆಗಳಿಗೆ ಕೊಡಬಾರದೆಂಬುದು ನನ್ನ ಅಭಿಪ್ರಾಯ.

ತಾರೀಖು ಮತ್ತು ಹಣವನ್ನು ಟಿಪ್ಪಣಿ ಮಾಡಿಕೊಳ್ಳುವಾಗ ವಿಶೇಷ ಎಚ್ಚರ ಬೇಕು. ಸ್ಕಾಟ್ಲೆಂಡಿನಲ್ಲಿ ಜನವರಿ 1ರಿಂದ ವರ್ಷವನ್ನು ಎಣಿಸುವ ಪದ್ಧತಿ ಬಂದದ್ದು 1600ರಲ್ಲಿ. ಅದಕ್ಕೂ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ, ಕಾಗದದಲ್ಲಿ 1587ರ ಫೆಬ್ರವರಿ ಎಂದಿರುವುದು ನಮ್ಮ ಲೆಕ್ಕಕ್ಕೆ 1588ರ ಫೆಬ್ರವರಿ. 17ನೆಯ ಶತಮಾನದ ಪಟ್ಟಣದ ಲೆಕ್ಕಪತ್ರಗಳಲ್ಲಿನ ಪೌಂಡು ಸಾಮಾನ್ಯವಾಗಿ ಸ್ಕಾಟ್ಸ್ ಪೌಂಡು. ಅಂತಹ ಹನ್ನೆರಡು ಸೇರಿದರೆ ಒಂದು ಸ್ಟರ್ಲಿಂಗ್ ಪೌಂಡು. ಆದ್ದರಿಂದ 1,200 ಪೌಂಡಿಗೆ ಕೊಂಡ ಮನೆ ಇಂಗ್ಲೆಂಡಿನ ಹಣದಲ್ಲಿ ಬರೀ 100 ಪೌಂಡಿನದು.